ಕುರ್ಚಿಯ ನಾಲ್ಕನೆಯ ಕಾಲು

ಇರುವೆಯೊಂದು ಪೆನ್ಸಿಲ್ಲಿನ ಗೆರೆಯನ್ನೇ ದಾರಿಯೆಂದು ನಂಬಿ ಹೊರಟಿದೆ, ತಲೆಕೆಳಗಾಗಿ ಮಲಗಿಸಿದ ಕುರ್ಚಿಯ ಕಾಲನ್ನು ಸುತ್ತಿ, ಶುರುವಾದಲ್ಲಿಗೇ ಬಂದು ಕೂಡಬೇಕಿತ್ತು ಗೆರೆ, ಕೂಡಿಲ್ಲ, ಒಂದು ನೂಲಿನಷ್ಟು ಕೆಳಗೆ ಬಂದು ನಿಂತಿದೆ, ಇರುವೆಯೂ ನಿಂತಿದೆ, ಮೀಸೆ ಆಡಿಸುತ್ತ, ಇದೇನು ಮೋಸ ಎನ್ನುವ ಹಾಗೆ — ಮೋಸವಲ್ಲ ಮಹರಾಯ, ನನ್ನ ಕೈ — ಊದಿದರೆ ಹಾರಿಹೋಗುತ್ತದೆ, ಊದುತ್ತೇನೆ, ಮರದ ಪುಡಿಯೂ ಎದ್ದು ಕಣ್ಣಿಗೆ ಬೀಳುತ್ತದೆ, ಒರೆಸಿಕೊಳ್ಳಲು ತೋಳೆತ್ತಿದರೆ ತೋಳಿನ ತುಂಬ ಬೆವರಿಗೆ ಅಂಟಿದ ಅದೇ ಪುಡಿ. ನಿಮ್ಮ ಗೆರೆ ಕಾಲು ಸುತ್ತಿ ಬರೋಷ್ಟರಲ್ಲಿ ಊರೆಲ್ಲ ಸುತ್ತಿ ಬಂದಿರುತ್ತೆ ಕಣ್ರೀ, ಎನ್ನುತ್ತಿದ್ದಳು ನನ್ನ ಹೆಂಡತಿ, ಹಾಗೆಂದು ಪೆನ್ಸಿಲನ್ನು ನನ್ನ ಕಿವಿಯ ಮೇಲಿನಿಂದ ಕಿತ್ತುಕೊಂಡು, ಮೂಲೆಮಟ್ಟವನ್ನು ಮರಕ್ಕೆ ಒತ್ತಿ ಹಿಡಿದು, ನಾಲ್ಕು ಮಗ್ಗುಲಿಗೂ ನಾಲ್ಕು ಗೆರೆ, ಒಂದರ ಬಾಲ ಇನ್ನೊಂದರ ಬಾಯಲ್ಲಿ. ಅಳೆಯುವುದು ಅವಳು, ಕೊಯ್ಯುವುದು ನಾನು, ಹಾಗೆಂದು ಯಾರೂ ಗೊತ್ತುಮಾಡಿದ್ದಲ್ಲ, ಆಯುಷ್ಯವಿಡೀ ಬಟ್ಟೆ ಹೊಲಿದವಳು ಅವಳು, ಆಯುಷ್ಯವಿಡೀ ಮುದ್ರಣಾಲಯದಲ್ಲಿ ಕುಳಿತು ಮಂದಿಯ ತಪ್ಪು ತಿದ್ದಿದವನು ನಾನು, ಇಬ್ಬರಿಗೂ ಕೆಲಸ ಮುಗಿದ ಮೇಲೆ ಮನೆ ಇದ್ದಕ್ಕಿದ್ದಂತೆ ದೊಡ್ಡದಾಗಿ ಕಂಡಾಗ, ಫೋನಿನ ಪರದೆಯ ಮೇಲೆ ಮರಗೆಲಸ ಕಲಿಸುವ ಒಬ್ಬ ಗಡ್ಡದವನನ್ನು ನೋಡಿಕೊಂಡು, ಬನ್ನಿ ನಾವೂ ಏನಾದರೂ ಮಾಡೋಣ ಎಂದವಳೂ ಅವಳೇ. ಮೊದಲು ಸ್ಟೂಲು, ಅದರ ಮೇಲೆ ಮನುಷ್ಯರಾರೂ ಕೂರುವ ಧೈರ್ಯ ಮಾಡದೆ ಹೂಕುಂಡ ಕೂತಿತು. ಆಮೇಲೆ ಪುಸ್ತಕದ ಕಪಾಟು, ಒಂದು ಮಗ್ಗುಲಿಗೆ ಇಳಿದದ್ದು, ನಿಮ್ಮ ಕವಿಗಳೆಲ್ಲ ಒಟ್ಟಿಗೆ ಒಂದೇ ಪಕ್ಷಕ್ಕೆ ವಾಲಿಬಿಟ್ರಲ್ರೀ ಎಂದು ನಕ್ಕವಳು ನಗುತ್ತಲೇ ಇದ್ದಳು, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮತ್ತೆ ನಕ್ಕಳು — ಈಗ ಒಳಗೆ ಮಂಚದ ಮೇಲೆ ಇದ್ದಾಳೆ, ಬಲಗೈಯನ್ನು ಎಡಗೈಯಿಂದ ಎತ್ತಿ ಮಡಿಲಲ್ಲಿ ಇಟ್ಟುಕೊಂಡು, ಬೇರೆ ಯಾರೋ ಇಟ್ಟುಹೋದ ಗಂಟನ್ನು ಕಾಯುತ್ತಿರುವಂತೆ.

ಆಯ್ತೇನ್ರೀ, ಒಳಗಿನಿಂದ. ಆಯ್ತು, ಇದೊಂದು ಕಾಲು ಕಣೇ. ಆಗಲೂ ಇದೊಂದು ಕಾಲು ಅಂದ್ರಿ, ಅದು ಕುರ್ಚಿನೋ ಜರಿಹುಳಾನೋ. ಲಕ್ವ ಹೊಡೆದಾಗ ನಾಲಿಗೆಗೆ ಏನೂ ಆಗಲಿಲ್ಲ, ಅದೊಂದು ಪುಣ್ಯ, ಬಲಗೈ ಹೋಯಿತು, ಬಲಗಾಲು ಅರ್ಧ ಹೋಯಿತು, ಮಾತು ಮಾತ್ರ ಹೊಲಿಗೆ ಬಿಚ್ಚದೆ ಉಳಿಯಿತು. ನಗಬೇಕು, ನಗಲಾರೆ, ಮಗಳು ಇನ್ನೇನು ಬರುತ್ತಾಳೆ, ವ್ಯಾಯಾಮ ಹೇಳಿಕೊಡುವ ಹುಡುಗಿಯನ್ನು ಕರೆದುಕೊಂಡೇ ಬರುತ್ತಾಳೆ, ಅಮ್ಮ ಯಾರ ಕೈಯೂ ಹಿಡೀದೆ ತಾನಾಗಿ ಎದ್ದು ನಿಂತರೆ ಈ ಮನೇಲೇ ಇರಲಿ ಅಪ್ಪ, ನಾನು ಇನ್ನು ಆ ಮಾತೇ ಎತ್ತಲ್ಲ, ಆಗದಿದ್ದರೆ ಮಾತ್ರ ಆರೈಕೆ ಕೇಂದ್ರಕ್ಕೇ, ನೀನು ಅಡ್ಡ ಬರಬಾರದು, ಎಂದಿದ್ದಳು. ಒಪ್ಪಿದೆ. ಹೆಂಗಸರಿಗಷ್ಟೇ ಇರುವ ಕೇಂದ್ರ, ಒಳ್ಳೆಯದೇ, ಹೋಗಿ ನೋಡಿ ಬಂದೆವು, ಸಾಲಾಗಿ ಮಂಚಗಳು, ಕಿಟಕಿಗಳು ಎತ್ತರದಲ್ಲಿ, ಗಂಡಸರು ಸಂಜೆ ಬಂದು ಮಾತಾಡಿಸಿಕೊಂಡು ಹೋಗಬಹುದು, ಹೊರಡುವ ಹೊತ್ತಿಗೆ ಗಂಟೆ ಬಾರಿಸುತ್ತಾರೆ. ಮಗಳನ್ನು ಹೇಗೆ ದೂರಲಿ, ಅವಳು ಬಂದು ಬಾಗಿಲು ತೆಗೆದಾಗ ನಾವಿಬ್ಬರೂ ಬಚ್ಚಲ ಬಾಗಿಲಲ್ಲಿ ಒಬ್ಬರ ಮೇಲೊಬ್ಬರು ಬಿದ್ದಿದ್ದೆವು, ಎತ್ತಲು ಹೋದ ನನ್ನ ಸೊಂಟ ಹಿಡಿದುಕೊಂಡಿತ್ತು, ಇವಳು ನನ್ನ ಎದೆಯ ಮೇಲೆ ತಲೆಯಿಟ್ಟು, ಮದುವೆ ಆದ ಹೊಸದರಲ್ಲೂ ಹೀಗೆ ಇಷ್ಟು ಹೊತ್ತು ಹಿಡ್ಕೊಂಡಿರಲಿಲ್ಲವಲ್ರೀ ಎಂದು ಪಿಸುಗುಟ್ಟಿದ್ದಳು, ಮಗಳು ನಗಲಿಲ್ಲ, ಬಾಗಿಲಲ್ಲೇ ಕುಸಿದು ಕೂತು ಅತ್ತಳು. ವ್ಯಾಯಾಮದ ಹುಡುಗಿಯೇ ದಾರಿ ತೋರಿಸಿದ್ದು, ಏಳೋದು ಕಾಲಿನ ಶಕ್ತಿ ಅಷ್ಟೇ ಅಲ್ಲ ಸರ್, ಕೂತಿರೋ ಎತ್ತರ, ನಿಮ್ಮನೆ ಕುರ್ಚಿಗಳೆಲ್ಲ ತಗ್ಗು, ಅವಕ್ಕೆ ಕೈ ಬೇರೆ ಇಲ್ಲ, ಮೊಣಕಾಲಿಗಿಂತ ನಾಲ್ಕು ಬೆರಳು ಮೇಲಿರೋ ಆಸನ, ಎರಡೂ ಕಡೆ ಗಟ್ಟಿ ಕೈ, ಅಷ್ಟು ಸಿಕ್ಕಿದರೆ ಅಮ್ಮ ಎದ್ದೇ ಏಳ್ತಾರೆ. ಮಗಳು ಅಂಗಡಿಯಲ್ಲಿ ತರುತ್ತೇನೆಂದಳು, ಇವಳು ಬೇಡವೆಂದಳು, ನಿಮ್ಮಪ್ಪ ಮಾಡ್ತಾರೆ, ನನ್ನ ಕಾಲಿಗೆ ಅಳತೆ ತಗೊಂಡು ಮಾಡ್ತಾರೆ — ಅಷ್ಟು ಹೇಳಿ ನನ್ನನ್ನು ನೋಡಿದ ನೋಟ, ಆ ನೋಟಕ್ಕೆ ನಾನು ಮರವನ್ನೇನು, ಬಂಡೆಯನ್ನೂ ಕೊಯ್ದೇನು ಅನ್ನಿಸಿತ್ತು. ಮಾಡಿದೆನಲ್ಲ, ನಾನೊಬ್ಬನೇ ಅಳೆದೆ, ಟೇಪಿನ ಒಂದು ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಇನ್ನೊಂದನ್ನು ಹಲ್ಲಿನಲ್ಲಿ ಕಚ್ಚಿ, ಬಟ್ಟೆಗೆ ಬಿಟ್ಟ ಹಾಗೆ ಮರಕ್ಕೂ ಒಂಚೂರು ಬಿಟ್ಟು ಕೊಯ್ಯಿರಿ, ಗಿಡ್ಡ ಆದ ಮೇಲೆ ಅಂಚು ಬಿಚ್ಚಿ ಉದ್ದ ಮಾಡೋಕೆ ಇದೇನು ಲಂಗ ಅಲ್ಲ, ಎಂದು ಅವಳು ಮಂಚದಿಂದಲೇ ಕೂಗುತ್ತಿದ್ದಳು, ಬಿಟ್ಟೇ ಕೊಯ್ದೆ, ಅಂಟು ಹಾಕಿದೆ, ಹಗ್ಗ ಬಿಗಿದೆ, ಮೊನ್ನೆ ಎತ್ತಿ ನಿಲ್ಲಿಸಿದಾಗ ಈ ಬಾಲ್ಕನಿಯಲ್ಲಿ ಮೊಟ್ಟಮೊದಲ ಬಾರಿಗೆ ನನ್ನದೊಂದು ವಸ್ತು ನೆಟ್ಟಗೆ ನಿಂತಿತ್ತು, ಎತ್ತರ ಸರಿಯಾಗಿ ನಾಲ್ಕು ಬೆರಳು ಮೇಲೆ, ಕೈ ಗಟ್ಟಿ — ಮುಟ್ಟಿದರೆ ಅಲುಗಿತು, ಅಷ್ಟೇ. ಒಂದು ಕಾಲು ನೆಲ ಮುಟ್ಟುತ್ತಿರಲಿಲ್ಲ, ನೀರು ಹೋಗುವ ತೂತಿನ ಕಡೆಯ ಮೂಲೆಯ ಕಾಲು, ಅದರ ಕೆಳಗೆ ಉಗುರು ತೂರುವಷ್ಟು ಸಂದು. ಗಡ್ಡದವನು ಹೇಳಿದ್ದ, ಅಲುಗಿದರೆ ಉದ್ದದ ಕಾಲನ್ನು ಕೊಯ್ಯಿರಿ, ಕೊಯ್ದೆ, ಆಗ ಅದು ಗಿಡ್ಡವಾಯಿತು, ಎದುರಿನದು ಉದ್ದವಾಯಿತು, ಅದನ್ನು ಕೊಯ್ದೆ, ಬಿಲ್ಲೆ ಬಿಲ್ಲೆಯಾಗಿ ಮರ ಉದುರುತ್ತಿದೆ ನಿನ್ನೆಯಿಂದ, ಕವಿತೆಯಲ್ಲಾದರೆ ಹೊಡೆದುಹಾಕಿದ ಶಬ್ದವನ್ನು ತಲೆಯ ಮೇಲೆ ಮತ್ತೆ ಬರೆಯಬಹುದು, ಕರಡಿನಲ್ಲಾದರೆ ಕೆಳಗೆ ಚುಕ್ಕಿಯಿಟ್ಟು, ಇದ್ದದ್ದು ಇದ್ದಂತೆಯೇ ಇರಲಿ ಎಂದು ಅಂಚಿನಲ್ಲಿ ಸೂಚಿಸಬಹುದು, ಇಲ್ಲಿ ಗರಗಸದ ಒಂದೊಂದು ಎಳೆತವೂ ಅಂತಿಮ ಮುದ್ರಣ. ಇದೊಂದೇ. ಎಳೆ, ತಳ್ಳು, ಎಳೆ, ಬಿಲ್ಲೆ ಬಿತ್ತು. ಕುರ್ಚಿಯನ್ನು ಎತ್ತಿ ನಿಲ್ಲಿಸುತ್ತೇನೆ, ಅದೇ ಜಾಗ, ಈ ಇಕ್ಕಟ್ಟಿನಲ್ಲಿ ಇನ್ನೊಂದು ಜಾಗವಾದರೂ ಎಲ್ಲಿದೆ, ಮುಂಗೈಯಿಂದ ಒತ್ತುತ್ತೇನೆ — ಅಲುಗುವುದಿಲ್ಲ. ಮತ್ತೆ ಒತ್ತುತ್ತೇನೆ, ಎಡಕ್ಕೆ, ಬಲಕ್ಕೆ, ಅಲುಗುವುದಿಲ್ಲ, ಲೇ ಅಲುಗುವುದಿಲ್ಲ ಕಣೇ, ಎಂದು ಕೂಗಿಬಿಡುತ್ತೇನೆ, ಒಳಗಿನಿಂದ ಅವಳು, ಹಾಗಾದ್ರೆ ಒಳಗೆ ತಂದು ನಿಲ್ಲಿಸಿ ನೋಡಿ, ಎನ್ನುತ್ತಾಳೆ.

ಯಾವಾಗಲೂ ಇದೇ ಮಾತು, ಸ್ಟೂಲಿಗೂ ಇದೇ, ಕಪಾಟಿಗೂ ಇದೇ, ಕೊಯ್ಯೋದು ಅಲ್ಲಿ, ನಿಲ್ಲಿಸಿ ನೋಡೋದು ಇಲ್ಲಿ, ನಡುಮನೆಯ ಗೋಡೆಯ ಬಣ್ಣಕ್ಕೆ ಒಪ್ಪುತ್ತದೋ ಇಲ್ಲವೋ ನೋಡುವ ಹೆಂಗಸರ ಆಸೆಯೆಂದು ತಿಳಿದು ಒಳಗೊಳಗೇ ಮುಗುಳ್ನಗುತ್ತಿದ್ದೆ, ಕೇಳಲಿಲ್ಲ, ಯಾಕೆ ಎಂದು ಒಂದು ಸಲವೂ ಕೇಳಲಿಲ್ಲ, ಈಗಲೂ ಮುಗುಳ್ನಗುತ್ತಲೇ ಕುರ್ಚಿಯನ್ನು ಎತ್ತಲು ಬಗ್ಗುತ್ತೇನೆ, ಮೊಣಕೈ ತಗುಲಿ ಕುಡಿಯುವ ನೀರಿನ ಚೊಂಬು ಉರುಳುತ್ತದೆ. ನೀರು ಒಂದು ಕ್ಷಣವೂ ಯೋಚಿಸಲಿಲ್ಲ. ನೆಲದ ತುಂಬ ಹರಡಿಕೊಳ್ಳಬಹುದಿತ್ತು, ನನ್ನ ಪಾದದ ಕಡೆಗೆ ಬರಬಹುದಿತ್ತು, ಬರಲಿಲ್ಲ, ಮರದ ಪುಡಿಯನ್ನು ಮುಂದೆ ತಳ್ಳಿಕೊಂಡು ನೇರವಾಗಿ ಮೂಲೆಗೆ ಹೋಯಿತು, ಮೂಲೆಯ ಕಾಲಿನ ಸುತ್ತ ಒಂದು ಗಳಿಗೆ ಮಡುಗಟ್ಟಿತು, ಆಮೇಲೆ ತೂತಿನಲ್ಲಿ ಗೊಳಕ್ಕನೆ ಇಳಿಯಿತು. ಮಡುಗಟ್ಟಿತು. ಅಲ್ಲಿ ನೆಲವೇ ತಗ್ಗು. ನೀರು ಹೋಗಲೆಂದು ಕಟ್ಟಿದವರು ಆ ಮೂಲೆಯನ್ನು ಬೇಕೆಂದೇ ಇಳಿಸಿದ್ದಾರೆ, ಇಷ್ಟು ವರ್ಷ ಇದೇ ನೆಲವನ್ನು ಒರೆಸಿದ್ದೇವೆ, ನೀರು ಅತ್ತಲೇ ಓಡುವುದನ್ನು ಕಣ್ಣಾರೆ ಕಂಡಿದ್ದೇವೆ — ಕಂಡಿದ್ದಳು ಅವಳು. ಕುರ್ಚಿ ಸರಿಯಾಗಿಯೇ ಇತ್ತು. ಮೊನ್ನೆ ಎತ್ತಿ ನಿಲ್ಲಿಸಿದಾಗಲೇ, ನನ್ನ ಜೀವಮಾನದಲ್ಲಿ ಒಂದೇ ಒಂದು ಸಲ, ನಾಲ್ಕು ಕಾಲೂ ಸಮ ಇದ್ದವು, ಡೊಂಕಿದ್ದದ್ದು ನೆಲ, ನೆಲದ ಡೊಂಕಿಗೆ ನಾನು ಕುರ್ಚಿಯನ್ನು ತಿದ್ದಿದೆ. ಬಿಲ್ಲೆಗಳನ್ನು ಬಾಚಿ ಅಂಗೈಯಲ್ಲಿ ಹಿಡಿಯುತ್ತೇನೆ, ಕೆಲವು ತೆಳು, ಕೆಲವು ದಪ್ಪ, ಯಾವುದು ಯಾವ ಕಾಲಿನದು, ಯಾವುದರ ಕೆಳಗೆ ಯಾವುದು, ಒಂದರ ಮೇಲೊಂದು ಅಂಟಿಸಿದರೆ — ಅಂಟು ಒಣಗಬೇಕು, ಮೊಳೆ ಹೊಡೆದರೆ ಸೀಳುತ್ತದೆ — ಗಂಟೆ ಬಾರಿಸುತ್ತದೆ, ಬಾಗಿಲಿನದು, ನಮ್ಮದೇ ಬಾಗಿಲಿನದು, ಅಪ್ಪ, ನಾವು, ಎಂದು ಮಗಳ ದನಿ, ತನ್ನ ಬೀಗದಕೈಯಿಂದ ತೆಗೆದುಕೊಂಡು ಒಳಗೆ ಬಂದ ಸದ್ದು.

ಕುರ್ಚಿ ಹಗುರವಾಗಿದೆ. ಎತ್ತಿಕೊಂಡು ಒಳಗೆ ಬಂದಾಗ ಮಗಳು ಅಯ್ಯೋ ನೀನ್ಯಾಕೆ ಎತ್ತೋಕೆ ಹೋದೆ ಎಂದಳು, ಹುಡುಗಿ ಚೆನ್ನಾಗಿದೆಯಲ್ಲ ಸರ್, ನೀವೇ ಮಾಡಿದ್ದಾ, ಎಂದಳು, ನಡುಮನೆಯ ನೆಲದ ಮೇಲೆ ಇಟ್ಟೆ, ಟಕ್, ಎಂದಿತು, ಮೂಲೆಯದಾಗಿದ್ದ ಕಾಲು ಉದ್ದವಾಗಿ, ಅದರ ಪಕ್ಕದ್ದು ಗಾಳಿಯಲ್ಲಿ. ಇವಳು ಮಂಚದ ಅಂಚಿನಿಂದ ನೋಡಿದಳು, ಮೊದಲು ಕುರ್ಚಿಯ ಆಸನವನ್ನು, ಆಮೇಲೆ ತನ್ನ ಮೊಣಕಾಲನ್ನು, ಆಮೇಲೆ ನನ್ನ ಮುಖವನ್ನು, ಟೇಪು ಬೇಕಾಗಲಿಲ್ಲ ಅವಳಿಗೆ, ಒಳಗೆ ತಂದು ನೋಡಿರಲಿಲ್ಲ ಅಲ್ವಾ, ಎಂದಳು, ಇಷ್ಟೇ ಇಷ್ಟು ದನಿಯಲ್ಲಿ, ಬೈಗುಳವೇ ಇಲ್ಲದ ದನಿಯಲ್ಲಿ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಗಿಡ್ಡ ಕಾಲಿನ ಕೆಳಗೆ ಮರದ ಚೂರು ಕೊಡ್ತೀನಿ ಎಂದೆ, ಅಪ್ಪ ಬೇಡ, ಜಾರಿದರೆ ಏನು ಗತಿ, ಎಂದಳು ಮಗಳು, ಹುಡುಗಿ ಕೂತು ಕುರ್ಚಿಯ ಕಾಲುಗಳನ್ನು ನೋಡಿದಳು, ಎದ್ದಳು, ತಗ್ಗಾಯ್ತು ಸರ್, ಸ್ವಲ್ಪ ಅಲ್ಲ, ತುಂಬಾನೇ ತಗ್ಗಾಯ್ತು, ಬೇಡಮ್ಮ ಇದು, ಮಂಚದ ಮೇಲೆ ಎರಡು ದಿಂಬು ಹಾಕಿ ಎತ್ತರ ಮಾಡ್ತೀನಿ, ಪಕ್ಕಕ್ಕೆ ಆ ಮೇಜನ್ನ ಎಳ್ಕೊಳ್ಳೋಣ, ಅಲ್ಲಿಂದ ಎದ್ದು ತೋರಿಸಿ, ಅದೂ ಲೆಕ್ಕಕ್ಕೆ ಬರುತ್ತೆ, ಏನಕ್ಕಾ. ಬರುತ್ತೆ, ಎಂದಳು ಮಗಳು, ಬೇಗ ಎಂದಳು, ಅವಳಿಗೂ ಇಲ್ಲೇ ಇರಲಿ ಎಂದೇ ಆಸೆ, ಮಗಳ ಕಣ್ಣಲ್ಲಿ ಅದನ್ನು ನಾನು ಕಂಡೆ, ದಿಂಬು ತರಲು ಆಗಲೇ ಹೊರಟಿದ್ದಳು. ಬೇಡ, ಎಂದಳು ಇವಳು. ಅಮ್ಮ. ಬೇಡ ಅಂದೆನಲ್ಲ, ಇವರು ನನಗೆ ಅಂತ ಕುರ್ಚಿ ಮಾಡಿದಾರೆ, ಬೆನ್ನು ಬಿದ್ದುಹೋಗೋ ಹಾಗೆ ಕೂತು ಮಾಡಿದಾರೆ, ಇವರೆದುರಿಗೇ ನಾನು ದಿಂಬಿನ ಮೇಲೆ ಕೂತು ಏಳಲಾ, ಇದರಿಂದಲೇ ಏಳ್ತೀನಿ. ಹಟ ಮಾಡಬೇಡಮ್ಮ. ಹಟ ಅಲ್ಲ ಕಣೇ, ನನ್ನ ಕುರ್ಚಿ. ನಾನು ಹೇಳಬೇಕಿತ್ತು, ಬೇಡ ಮಹಾರಾಯ್ತಿ, ದಿಂಬಿನ ಮೇಲೆ ಕೂರು, ಈ ಕುರ್ಚಿ ನಾಳೆ ಒಲೆಗೆ, ನೀನು ಮಾತ್ರ ಮನೆಗೆ, ಇಷ್ಟು ಹೇಳಿದ್ದರೆ ಮುಗಿಯುತ್ತಿತ್ತು, ಬಾಯಿ ತೆರೆದೆ, ಒಳಗೊಂದು ನೀಚ ಸಂತೋಷ, ಅವಳು ನನ್ನ ಕುರ್ಚಿಯನ್ನು ಬಿಟ್ಟುಕೊಡಲಿಲ್ಲವೆಂಬ ಸಂತೋಷ, ಅದೇ ಬಾಯಿ ಮುಚ್ಚಿಸಿತು. ಹಿಡಿದು ಕೂರಿಸಿದರು. ಮೊಣಕಾಲು ಆಸನಕ್ಕಿಂತ ಮೇಲೆ ಬಂದಿತು, ಮಕ್ಕಳ ಕುರ್ಚಿಯಲ್ಲಿ ಕೂತ ದೊಡ್ಡವರ ಹಾಗೆ, ಸೆರಗು ಸರಿಮಾಡಿಕೊಂಡಳು, ಬಲಗೈಯನ್ನು ಎತ್ತಿ ಮಡಿಲಲ್ಲಿಟ್ಟಳು, ಎಡಗೈಯನ್ನು ಕುರ್ಚಿಯ ಕೈಯ ಮೇಲೆ ಊರಿದಳು, ನಾನು ಮೂರು ದಿನ ಉಜ್ಜಿ ನುಣ್ಣಗೆ ಮಾಡಿದ ಕೈ, ಬೆರಳುಗಳು ಅದನ್ನು ಸುತ್ತಿ ಬಿಗಿದವು, ಗೆಣ್ಣುಗಳು ಬೆಳ್ಳಗಾದವು, ಮುಂದಕ್ಕೆ ಬಾಗಿದಳು, ಆಸನಕ್ಕೂ ಅವಳಿಗೂ ನಡುವೆ ಸಂದು ಬಿಟ್ಟಿತು, ಒಂದು ಬೆರಳು, ಎರಡು ಬೆರಳು, ಎದುರಿನ ಕಿಟಕಿಯ ಬೆಳಕು ಆ ಸಂದಿನಲ್ಲಿ ಕಂಡಿತು, ಭಾರವೆಲ್ಲ ಎಡಗೈಗೆ ಬಂತು, ಎಡಗಡೆಯ ಗಿಡ್ಡ ಕಾಲು ನೆಲಕ್ಕೆ ಇಳಿಯಿತು, ಟಕ್, ಕೈ ಜಾರಿತು, ಬೆಳಕು ಮುಚ್ಚಿತು.

ಇನ್ನೊಂದು ಸಲ ಎಂದಳು, ಇನ್ನೊಂದು ಸಲವೂ ಟಕ್. ಕಿಟಕಿಯಾಚೆ ಯಾರೋ ಹಾಸಿಗೆ ಕೊಡವುತ್ತಿದ್ದಾರೆ, ಬೀದಿಯಲ್ಲಿ ಗಾಡಿಯೊಂದು ಹಿಂದಕ್ಕೆ ಸರಿಯುತ್ತ ಕೀರಲು ದನಿಯಲ್ಲಿ ಹಾಡುತ್ತಿದೆ, ಮಗಳು ಒಳಗಿನ ಕೋಣೆಯಲ್ಲಿ ಬೀರು ತೆಗೆದ ಸದ್ದು, ಸೀರೆಗಳು, ಒಳಗಿನ ಬಟ್ಟೆಗಳು, ಅಪ್ಪ, ಅಮ್ಮನ ಕಪ್ಪು ಶಾಲು ಎಲ್ಲಿ, ಅಲ್ಲಿ ರಾತ್ರಿ ಚಳಿ ಇರಬಹುದು, ಅವಳ ದನಿ ಒಡೆದಿದೆ, ಶಾಲು ಎಲ್ಲಿದೆಯೆಂದು ನನಗೆ ಗೊತ್ತು, ಹೇಳುವುದಿಲ್ಲ, ಹೇಳದಿದ್ದರೆ ಹೊರಡುವುದು ತಡವಾದೀತು, ಇಷ್ಟು ಸಣ್ಣ ಕಳ್ಳತನವೊಂದೇ ಉಳಿದಿರುವುದು, ಬಾಗಿಲ ಹಿಂದೆ, ಮೊಳೆಗೆ, ಎಂದು ಇವಳೇ ಹೇಳಿಬಿಡುತ್ತಾಳೆ. ಹುಡುಗಿ ಬಾಲ್ಕನಿಯಲ್ಲಿ ನಿಂತು ಫೋನಿನಲ್ಲಿ ಕೇಂದ್ರದವರೊಡನೆ ಮಾತಾಡುತ್ತಿದ್ದಾಳೆ, ಹೌದು ಮೇಡಂ, ಇವತ್ತೇ, ಕಿಟಕಿ ಪಕ್ಕದ ಮಂಚ ಸಿಕ್ಕಿದರೆ ಒಳ್ಳೇದು, ನಾವಿಬ್ಬರೂ ನಡುಮನೆಯಲ್ಲಿ, ನಾನು ನಿಂತು, ಅವಳು ಕೂತು, ಸಂಜೆ ಬರ್ತೀನಿ ಎನ್ನಲೇ, ದಿನಾ ಸಂಜೆ — ಅವಳು ನನ್ನನ್ನು ನೋಡುತ್ತಿಲ್ಲ, ಬಾಗಿಲು ಹಾಕಿದೆಯೇ, ಮಗಳು ನೋಡುತ್ತಿಲ್ಲವೇ, ಹುಡುಗಿ ಈಚೆ ಬೆನ್ನು ಮಾಡಿದ್ದಾಳೆಯೇ ಎಂದು ಕಳ್ಳನೋಟದಿಂದ ನೋಡಿ, ನನಗೂ ಕಾಣದಿರಲಿ ಎನ್ನುವ ಹಾಗೆ ಉಸಿರು ಕಟ್ಟಿ, ಎಡಗೈಯನ್ನು ಮತ್ತೆ, ಕುರ್ಚಿಯ ಕೈಯ ಮೇಲೆ, ಬೆರಳುಗಳು ಸುತ್ತಿ ಬಿಗಿಯುತ್ತವೆ, ಬಾಗುತ್ತಾಳೆ, ಒಂದು ಬೆರಳಿನಷ್ಟು ಬೆಳಕು, ಎರಡು ಬೆರಳಿನಷ್ಟು, ಹಿಡಿಯಬೇಕೆಂದು ನನ್ನ ಕೈ ಮುಂದೆ ಹೋಗುತ್ತದೆ, ಹಿಡಿದರೆ ಲೆಕ್ಕಕ್ಕಿಲ್ಲ, ಹಿಂದಕ್ಕೆ ಬರುತ್ತದೆ, ಎರಡು ಬೆರಳಿನಷ್ಟು ಬೆಳಕು, ಗೆಣ್ಣುಗಳು ಬೆಳ್ಳಗೆ, ಟಕ್, ಮತ್ತೆ ಊರುತ್ತಾಳೆ, ಗೆಣ್ಣುಗಳು ಬೆಳ್ಳಗೆ, ಎರಡು ಬೆರಳಿನಷ್ಟು ಬೆಳಕು, ಟಕ್, ಗೆಣ್ಣುಗಳು ಬೆಳ್ಳಗೆ