ಸೋಮವಾರವೇ ಸಾಯುವ ಕೋಳಿಗಳು

ಸೋಮವಾರ ಬೆಳಿಗ್ಗೆ ಲಿತಿಯಾ ಶೆಡ್ಡಿನ ಬಾಗಿಲು ತೆಗೆದರೆ ಮತ್ತೆ ಮೂರು ಕೋಳಿ ಸತ್ತು ಬಿದ್ದಿದ್ದವು. ಹಿಕ್ಕೆ ನೀರು ನೀರು, ನಡುನಡುವೆ ರಕ್ತ. ಸಿಂಗಾಟೋಕಾ ನದಿ ದಂಡೆಯ ಆ ಊರಿನ ಮಹಿಳಾ ಸಂಘ ಅವಳನ್ನೇ ನಂಬಿ ನೂರು ಬ್ರಾಯ್ಲರ್ ಮರಿ ಒಪ್ಪಿಸಿತ್ತು.

“ಇವೂ ಹೋದ್ರೆ ಶೆಡ್ಡು ನಮಗೆ ಬಿಟ್ಬಿಡು. ಗಂಡಸ್ರು ಕೂತು ಯಾಂಗೋನಾ ಬೇರು ಅರೆದು ಅಮಲೇರೋವರೆಗೂ ಕುಡೀತೀವಿ,” ಎಂದು ಗಂಡ ಅಪೆನೀಸ ಚುಚ್ಚಿದ.

ಲಿತಿಯಾಗೆ ಮೈ ಉರಿಯಿತು. “ಒಂದು ಕೋಳಿ ಉಳಿದಿರೋವರೆಗೂ ಆ ಆಸೆ ಬಿಡಿ!” ಎಂದವಳೇ ಗೆಳತಿ ಮೆರಿಯೋನಿಯನ್ನು ಕರೆತಂದಳು. ಮೆರಿಯೋನಿ ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು.

“ಯಾವಾಗ್ಲೂ ಸೋಮವಾರವೇ ಸಾಯ್ತವಾ? ಭಾನುವಾರ ಏನ್ಮಾಡ್ತೀಯೇ?” ಎಂದಳು, ಸತ್ತ ಕೋಳಿಗಳ ಲೆಕ್ಕ ಕೇಳಿ.

“ದೇವರ ದಿನ, ಏನ್ ಮಾಡೋದು? ಬೆಳಿಗ್ಗೆ ನೀರಿಟ್ಟು, ಮುಂಗುಸಿ ನುಗ್ಗದ ಹಾಗೆ ಟಾರ್ಪಾಲು ಇಳಿಸಿ ಕಟ್ಟಿ ಚರ್ಚಿಗೆ ಹೋಗ್ತೀನಿ. ಬರೋದು ಸಂಜೆಗೇ.”

“ಅಲ್ಲೇ ಇದೆ ನೋಡು! ಕೋಳಿಗೆ ಬೆವರೋಕೆ ಬರಲ್ಲ ಕಣೇ. ಸೆಕೆಯಾದ್ರೆ ಮೈ ತಣ್ಣಗಾಗೋಕೆ ರಕ್ತ ಚರ್ಮದ ಕಡೆ ಓಡುತ್ತೆ, ಕರುಳಿಗೆ ಕಡಿಮೆಯಾಗುತ್ತೆ. ಕರುಳು ಸೋಲುತ್ತೆ. ನೆಲಕ್ಕೆ ಹಾಸಿದ ಒದ್ದೆ ಹೊಟ್ಟಲ್ಲಿ ಬೆಳೆದ ರೋಗಾಣುಗೆ ಅಷ್ಟೇ ಸಾಕು. ಮುಂಗುಸಿಗೆ ತಂತಿ ಬಲೆ ಹಾಕು, ಗಾಳಿಗೆ ಯಾಕೆ ಅಡ್ಡ ಹಾಕ್ತೀಯ?”

“ಭಾನುವಾರ ಕೆಲಸ ಮಾಡಿದ್ರೆ ಪಾದ್ರಿಗಳು ಏನಂತಾರೆ?”

“ಬಾಯಾರಿದ ಜೀವಕ್ಕೆ ನೀರಿಡೋದು ಕೆಲಸವೇನೇ? ನಿನ್ನ ಮಗು ಸೆಕೇಲಿ ಅತ್ರೆ ಸೋಮವಾರದವರೆಗೆ ಕಾಯ್ತೀಯಾ?”

ಲಿತಿಯಾ ಸಲಿಕೆ ಎತ್ತಿಕೊಂಡಳು. ಅವತ್ತೇ ಒದ್ದೆ ಹೊಟ್ಟನ್ನೆಲ್ಲ ಬಳಿದು ಒಣ ಹೊಟ್ಟು ಹರಡಿದಳು, ಟಾರ್ಪಾಲು ತೆಗೆದು ಸುತ್ತ ತಂತಿ ಬಲೆ ಬಿಗಿದಳು. ಮೆರಿಯೋನಿ ಹಿಕ್ಕೆ ಪರೀಕ್ಷೆ ಮಾಡಿಸಿ ಸರಿಯಾದ ಔಷಧಿ ಕೊಡಿಸಿದಳು.

ಮುಂದಿನ ಭಾನುವಾರ, ಉರಿಬಿಸಿಲು. ಪ್ರವಚನದ ನಡುವೆ ಲಿತಿಯಾ ಎದ್ದಳು. ಚರ್ಚಿಗೆ ಚರ್ಚೇ ತಿರುಗಿ ನೋಡಿತು. ಅಪೆನೀಸ ತಲೆ ತಗ್ಗಿಸಿದ. ಅವಳು ಹಿಂದಿರುಗಿ ನೋಡಲಿಲ್ಲ. ಶೆಡ್ಡಿಗೆ ಬಂದು ಬಿಸಿಯಾದ ನೀರು ಚೆಲ್ಲಿ ತಣ್ಣೀರು ತುಂಬತೊಡಗಿದಳು. ಹಿಂದೆ ಹೆಜ್ಜೆ ಸಪ್ಪಳವಾಯಿತು. ನೋಡಿದರೆ ಬಕೆಟ್ ಹಿಡಿದ ಅಪೆನೀಸ.

“ಪಾದ್ರಿಗಳೇ ಕಳಿಸಿದ್ರು. ನೀನು ಕೋಳಿಗೆ ನೀರಿಡೋಕೆ ಹೋದೆ ಅಂದಿದ್ದಕ್ಕೆ ‘ಅವಳೊಬ್ಬಳೇ ನೀರು ಎಷ್ಟು ಹೊರ್ತಾಳೆ, ಹೋಗಯ್ಯಾ’ ಅಂದ್ರು.”

ಸೋಮವಾರ ಒಂದು ಕೋಳಿಯೂ ಸಾಯಲಿಲ್ಲ. ಅಪೆನೀಸ ಚಾಪೆ ಸುತ್ತಿಕೊಂಡು, ಯಾಂಗೋನಾ ಕುಡಿಯಲು ಮಾವಿನ ಮರದ ಕೆಳಗೆ ಜಾಗ ಹುಡುಕಿಕೊಂಡ.

ಕೋಳಿ ಸಾಕುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಸೆಕೆಗೆ ವಾರ ಗೊತ್ತಿಲ್ಲ. ಗಾಳಿ ಆಡಲು ಬಿಡಿ, ದಿನವಿಡೀ ತಣ್ಣೀರು ಇಡಿ, ತಂಪು ಹೊತ್ತಿನಲ್ಲಿ ಮೇವು ಕೊಡಿ, ಹೊಟ್ಟು ಒಣಗಿರಲಿ. ಹಿಕ್ಕೆಯಲ್ಲಿ ರಕ್ತ ಕಂಡರೆ ಅವತ್ತೇ ಪಶುವೈದ್ಯರಿಗೆ ಹೇಳಿ. ನಿಮ್ಮ ಕೋಳಿಗಳು ಬಾಯಿ ತೆರೆದು ಏದುಸಿರು ಬಿಡುತ್ತಿವೆಯೇ? ಹಾಗಾದರೆ ಇದನ್ನು ಓದಿದ್ದು ಸಾಕು, ಎದ್ದು ಹೋಗಿ ನೀರಿಡಿ.