ನಾಗಯ್ಯನವರು ಜರಡಿ ಹಿಡಿದ ಮಣ್ಣು

ಆ ಮಣ್ಣನ್ನು ಎಸೆದವಳು ನಾನೇ. ಬೇರೆ ಯಾರ ಮೇಲೂ ಹೊರಿಸುವ ಹಾಗಿಲ್ಲ. ನನ್ನ ಕಸುಬಿನಲ್ಲಿ ಅದು ಸರಿಯಾದ ಕೆಲಸವೇ. ನಾಳೆ ಇನ್ನೊಬ್ಬರು ಕೊಳೆತ ಗಿಡ ತಂದರೂ ಅದನ್ನೇ ಮಾಡಬೇಕು. ಆದರೂ ಈಗೀಗ ಹಳೆಯ ಮಣ್ಣು ಸುರಿಯಲು ಹೋದಾಗ ಬಂಗಾರಮ್ಮನವರ ಮುಖ ನೆನಪಾಗಿ ಕೈ ತಡೆಯುತ್ತದೆ.

ಸವಳಂಗ ರಸ್ತೆಯ ನಮ್ಮ ಮನೆಯ ಗೇಟಿಗೆ 'ಇಲ್ಲಿ ಕಾಕ್ಟಸ್ ಗಿಡಗಳು ಮಾತ್ರ ದೊರೆಯುತ್ತವೆ' ಎಂಬ ಬೋರ್ಡು ಹಾಕಿದ್ದೇನೆ. ಆದರೂ ದಿನಕ್ಕೆ ನಾಲ್ಕು ಜನ ಬಂದು ಗುಲಾಬಿ ಇದೆಯಾ ಎಂದು ಕೇಳುತ್ತಾರೆ. ನನ್ನ ಹೆಸರು ಸೀತಾಲಕ್ಷ್ಮಿ. ಬೆನ್ನ ಹಿಂದೆ ಜನ ಮುಳ್ಳಕ್ಕ ಅನ್ನುತ್ತಾರೆ. ಆ ಹೆಸರು ಗಿಡಗಳಿಂದ ಮಾತ್ರ ಬಂದದ್ದಲ್ಲ ಎಂಬುದು ನನಗೂ ಗೊತ್ತು.

ಗಿರಾಕಿಗಳ ಜೊತೆ ನನ್ನ ಜಗಳವೆಲ್ಲ ಮಣ್ಣಿನ ವಿಷಯಕ್ಕೇ. ನಮ್ಮ ಕಡೆಯವರಿಗೆ ಗಿಡ ಎಂದರೆ ಗೊಬ್ಬರ ಹಾಕಬೇಕು, ನೀರು ಬಿಡಬೇಕು, ಬುಡಕ್ಕೆ ಮಣ್ಣು ಏರಿಸಬೇಕು. ಅಡಿಕೆಗೆ ಮಾಡಿದ ಉಪಚಾರವನ್ನೇ ಕಾಕ್ಟಸ್ಸಿಗೂ ಮಾಡುತ್ತಾರೆ. ಅಡಿಕೆ ಬದುಕುತ್ತದೆ, ಇದು ಕೊಳೆಯುತ್ತದೆ. ಇದಕ್ಕೆ ಬೇಕಾದದ್ದು ಎರಡು ಪಾಲು ದಪ್ಪ ಮರಳು, ಒಂದು ಪಾಲು ಇಟ್ಟಿಗೆ ಚೂರು, ಕೆಂಪುಮಣ್ಣು ಅರ್ಧ, ಎಲೆಗೊಬ್ಬರ ಅರ್ಧ. ಒಂದು ಚೊಂಬು ನೀರು ಸುರಿದರೆ ಹತ್ತು ಎಣಿಸುವುದರೊಳಗೆ ಕುಂಡದ ತೂತಿನಿಂದ ಆಚೆ ಬಂದಿರಬೇಕು. ಆಮೇಲೆ ಮಣ್ಣು ಪೂರ್ತಿ ಒಣಗುವವರೆಗೆ ಆ ಕಡೆ ತಲೆ ಹಾಕಬಾರದು. ಇಷ್ಟನ್ನೂ ಬಿಡಿಸಿ ಹೇಳಿದ ಮೇಲೆ, "ಪಾಪ, ಅದಕ್ಕೆ ಬಾಯಾರಲ್ವಾ?" ಅನ್ನುತ್ತಾರೆ. ನನಗೆ ಮೈಯೆಲ್ಲ ಉರಿದುಹೋಗುತ್ತದೆ.

ಬಂಗಾರಮ್ಮನವರು ಬಂದದ್ದು ಸಂಕ್ರಾಂತಿ ಕಳೆದ ವಾರ. ಎಪ್ಪತ್ತರ ಹತ್ತಿರದ ಹೆಂಗಸು, ಭದ್ರಾವತಿಯವರು. ಒಂದು ಮಣ್ಣಿನ ಕುಂಡವನ್ನು ಹಳೆಯ ಟವೆಲಿನಲ್ಲಿ ಸುತ್ತಿ ಎದೆಗವಚಿಕೊಂಡು ಬಂದಿದ್ದರು. ಒಳಗೆ ಚಿನ್ನದ ಬಣ್ಣದ ಮುಳ್ಳಿನ ದುಂಡನೆಯ ಗಿಡ, ನಾವು ಗೋಲ್ಡನ್ ಬ್ಯಾರೆಲ್ ಅನ್ನುವಂಥದ್ದು. ಸುಲಿಯದ ತೆಂಗಿನಕಾಯಿಯಷ್ಟು ದಪ್ಪ ಇತ್ತು.

"ಮಲವಗೊಪ್ಪ ದಾಟೋವರೆಗೂ ಬಸ್ಸಲ್ಲಿ ನನ್ನ ಪಕ್ಕ ಯಾರೂ ಕೂರ್ಲಿಲ್ಲ ನೋಡು," ಎಂದು ನಗುತ್ತಲೇ ಕುಂಡ ಇಳಿಸಿದರು. ಆಮೇಲೆ ನಗು ನಿಲ್ಲಿಸಿ, "ಇಪ್ಪತ್ತಾರು ವರ್ಷದ್ದು. ನಮ್ಮನೆಯವರು ಸಾಕಿದ್ದು. ಅವರು ಹೋಗಿ ಎಂಟು ತಿಂಗಳಾಯ್ತು. ಈಗ ಇದೂ ಯಾಕೋ ಸೋತಂಗಿದೆ," ಎಂದರು.

ಅವರ ಯಜಮಾನರು ನಾಗಯ್ಯನವರು, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಕೆಲಸ ಮಾಡಿ ನಿವೃತ್ತರಾದವರು. ಹೆಸರನ್ನು ಬಂಗಾರಮ್ಮ ಹೇಳಲಿಲ್ಲ, ಗಂಡನ ಹೆಸರು ಹೇಳುವ ಕಾಲದವರಲ್ಲ. ಕುಂಡದ ಹೊರಮೈಯಲ್ಲಿ ಬಣ್ಣದಲ್ಲಿ ಬರೆದಿತ್ತು.

ನಾನು ಬೆರಳಿನಿಂದ ಗಿಡದ ಬುಡ ಒತ್ತಿದೆ. ಹಣ್ಣಾದ ಸಪೋಟದ ಹಾಗೆ ಒಳಗೆ ಹೋಯಿತು. ಮಣ್ಣಿನ ಮೇಲೆ ಒಂದಿಂಚು ದಪ್ಪ ಹಟ್ಟಿಗೊಬ್ಬರ, ಒದ್ದೆಯಾಗಿತ್ತು.

"ಎಷ್ಟು ದಿನಕ್ಕೊಮ್ಮೆ ನೀರು ಹಾಕ್ತೀರಿ?"

"ದಿನಾ ಬೆಳಿಗ್ಗೆ. ತುಳಸಿಗೆ ಹಾಕಿದ ಮೇಲೆ ಇದಕ್ಕೆ."

"ಸೋತಿಲ್ಲಮ್ಮ ಇದು. ನೀವೇ ಕೊಂದಿದ್ದೀರ," ಎಂದುಬಿಟ್ಟೆ. "ಇಪ್ಪತ್ತಾರು ವರ್ಷ ಅವರು ಉಳಿಸಿದ್ದನ್ನ ಎಂಟೇ ತಿಂಗಳಲ್ಲಿ ಕೊಳೆಸಿ ಹಾಕಿದ್ದೀರಲ್ಲ!"

ಅವರು ಸಿಟ್ಟಾಗಲಿಲ್ಲ. ಟವೆಲನ್ನು ಮಡಚುತ್ತಾ, "ಅವರಿದ್ದಾಗ ನಾನು ಇದನ್ನ ಮುಟ್ಟಿದ್ದೇ ಇಲ್ಲ ಮಾರಾಯ್ತಿ. ನಲವತ್ತೈದು ವರ್ಷ ಬೆಳಿಗ್ಗೆ ಎದ್ದ ತಕ್ಷಣ ಅವರಿಗೆ ಕಾಫಿ ಕೊಟ್ಟೋಳು. ಈಗ ಎದ್ದರೆ ಕೈಗೆ ಕೆಲಸ ಇಲ್ಲ. ಮಗಳ ಮನೇಲಿ ಎಲ್ಲಾ ಮಿಷನ್ನು. ಇದಕ್ಕಾದ್ರೂ ನೀರು ಕೊಡೋಣ ಅಂತ," ಎಂದರು.

ನಾನು ಕುಂಡದ ಮೇಲಿನ ಗೊಬ್ಬರ ಕೆರೆಯತೊಡಗಿದೆ. ಬೈದ ಮೇಲೆ ಕೆಲಸಕ್ಕೆ ತಲೆ ಬಗ್ಗಿಸುವುದು ನನ್ನ ಹಳೆಯ ಚಾಳಿ, ಅದರಿಂದ ಯಾರಿಗೂ ಲಾಭವಿಲ್ಲ.

ಉಳಿಸುವ ದಾರಿ ಒಂದೇ ಇತ್ತು. ಕೊಳೆತ ಬುಡವನ್ನು ಕತ್ತರಿಸಿ, ಕಂದು ಚುಕ್ಕೆ ಒಂದೂ ಇಲ್ಲದ ತಿರುಳು ಕಾಣುವವರೆಗೆ ತೆಗೆಯಬೇಕು. ಗಾಯಕ್ಕೆ ಗಂಧಕದ ಪುಡಿ ಹಚ್ಚಿ, ಮಣ್ಣಿಲ್ಲದೆ ನೀರಿಲ್ಲದೆ, ಖಾಲಿ ಕುಂಡದ ಬಾಯ ಮೇಲೆ ಎರಡು ಮೂರು ತಿಂಗಳು ಕೂರಿಸಬೇಕು. ಅದೃಷ್ಟವಿದ್ದರೆ ಹೊಸ ಬೇರು ಬರುತ್ತದೆ. ಇದನ್ನು ಹೇಳಿದಾಗ ಅವರು, "ಕತ್ತರಿಸೋದು ನಾನು ನೋಡಲ್ಲ. ಎಲ್ಲಾ ಜೋಪಾನವಾಗಿ ಇಟ್ಟಿರು," ಎಂದು ಬಸ್ಸಿಗೆ ಹೊರಟರು.

ಎಲ್ಲಾ ಎಂದರೆ ಗಿಡ ಮತ್ತು ಕುಂಡ ಎಂದುಕೊಂಡೆ. ಕೊಳೆ ಹತ್ತಿದ ಮಣ್ಣನ್ನು ಅಂಗಡಿಯಲ್ಲಿ ಇಟ್ಟುಕೊಂಡರೆ ಉಳಿದ ಗಿಡಗಳಿಗೂ ಅಂಟುತ್ತದೆ. ಅದನ್ನು ಅದೇ ಸಂಜೆ ಹಿತ್ತಲಿಗೆ ಒಯ್ದು ನುಗ್ಗೆ ಮರದ ಬುಡಕ್ಕೆ ಸುರಿದು, ಸಲಿಕೆಯಿಂದ ಹರವಿದೆ.

ಆಮೇಲೆ ಪ್ರತಿ ಸೋಮವಾರ ಬಂಗಾರಮ್ಮ ಬರತೊಡಗಿದರು. ಬಂದು ಸ್ಟೂಲಿನ ಮೇಲೆ ಕೂತು, ಕುಂಡದ ಮೇಲೆ ಬೋಡಾಗಿ ಕೂತ ಗಿಡವನ್ನು ಅರ್ಧ ಗಂಟೆ ನೋಡುವುದು, ನನಗೆ ಒಂದು ಪೊಟ್ಟಣ ಮಂಡಕ್ಕಿ ಕೊಡುವುದು, ಹೋಗುವುದು. ಸೋಗಾನೆಯ ನಿಲ್ದಾಣದ ಕಡೆಗೆ ವಿಮಾನ ಇಳಿದರೆ ತಲೆಯೆತ್ತಿ, "ಅವರು ಒಂದ್ಸಲನಾದ್ರೂ ಹತ್ತಬೇಕು ಅಂತಿದ್ರು," ಅನ್ನುತ್ತಿದ್ದರು. ನಡುವಿನ ದಿನಗಳಲ್ಲಿ ಫೋನು ಬರುತ್ತಿತ್ತು.

"ಇವತ್ತು ಬಿಸಿಲು ಜಾಸ್ತಿ ಐತಲ್ಲ, ಒಂಚೂರು ನೀರು ಚಿಮುಕಿಸ್ಲಾ ಅಂತ ಅಲ್ಲಿ ಯಾರಾದ್ರೂ ಕೇಳಿದ್ರೆ ಬೇಡ ಅನ್ನು."

"ಇಲ್ಲಿ ಯಾರೂ ಕೇಳಲ್ಲಮ್ಮ, ನೀವೊಬ್ರೇ ಕೇಳೋದು."

"ಅದಕ್ಕೇ ಹೇಳಿದ್ದು," ಎಂದು ಫೋನಿಡುತ್ತಿದ್ದರು.

ಮೊದಮೊದಲು ನನಗೆ ರೇಗುತ್ತಿತ್ತು. ಬರಬರುತ್ತಾ ಸೋಮವಾರ ಹನ್ನೊಂದಾದರೆ ಗೇಟಿನ ಕಡೆ ನೋಡುವ ಅಭ್ಯಾಸವಾಯಿತು. ಅವರು ಗಿಡದ ಜೊತೆ ಮಾತಾಡುತ್ತಿರಲಿಲ್ಲ, ಅಳುತ್ತಿರಲಿಲ್ಲ. ಏನನ್ನೂ ಮಾಡದೆ ಇರುವುದನ್ನು ಕಲಿಯುತ್ತಿದ್ದರು ಅನ್ನಿಸುತ್ತಿತ್ತು. ಅದೆಷ್ಟು ಕಷ್ಟ ಎಂದು ಅವರ ಕೈಗಳನ್ನು ನೋಡಿದರೆ ತಿಳಿಯುತ್ತಿತ್ತು. ಸೆರಗಿನ ತುದಿಯನ್ನು ಸುತ್ತುವುದು, ಬಿಚ್ಚುವುದು.

ಏಪ್ರಿಲ್ ಮೊದಲ ವಾರ ಗಿಡ ಎತ್ತಿ ನೋಡಿದರೆ ಗಾಯದ ನಡುವಿನಿಂದ ಶ್ಯಾವಿಗೆಯಂತೆ ನಾಲ್ಕು ಬಿಳಿ ಬೇರು! ಕುಣಿಯುವುದೊಂದು ಬಾಕಿ. ಅವರ ಕುಂಡವನ್ನೇ ಸೋಡಾ ಹಾಕಿ ತಿಕ್ಕಿ ತೊಳೆದು ಬಿಸಿಲಿಗಿಟ್ಟೆ. ಪುಣೆಯಿಂದ ತರಿಸಿದ ಹಗುರ ಬಿಳಿ ಪ್ಯೂಮಿಸ್ ಕಲ್ಲನ್ನು ನಾನು ಯಾರಿಗೂ ಸುಮ್ಮನೆ ಹಾಕಿಕೊಡುವವಳಲ್ಲ. ಇವರ ಗಿಡಕ್ಕೆ ಕೇಳದೆಯೇ ಎರಡು ಹಿಡಿ ಹಾಕಿ, ಹೊಸ ಮಿಶ್ರಣದಲ್ಲಿ ಕೂರಿಸಿ, ಸೋಮವಾರಕ್ಕೆ ಕಾದೆ.

ಬಂಗಾರಮ್ಮ ಬಂದು ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತರು. ಬೇರಿನ ಫೋಟೋ ತೋರಿಸಿದೆ. ಕಣ್ಣರಳಿಸಿ ನೋಡಿದರು. ಹೊಸ ಮಣ್ಣನ್ನು ಬೆರಳಿನಿಂದ ಕೆದಕಿದರು. ಬಿಳಿ ಕಲ್ಲೊಂದನ್ನು ಎತ್ತಿ ನೋಡಿ ಕೆಳಗಿಟ್ಟರು.

"ಇದು ನಮ್ಮ ಮಣ್ಣಲ್ಲ."

"ಅಲ್ಲಮ್ಮ. ಇದು ಅದಕ್ಕಿಂತ ಒಳ್ಳೇದು."

"ನಮ್ಮ ಮಣ್ಣೆಲ್ಲಿ?"

"ಎಸೆದೆ. ಕೊಳೆ ಹತ್ತಿತ್ತು ಅದಕ್ಕೆ. ಯಾರಾದ್ರೂ ಎಸೀತಾರೆ." ನನ್ನ ದನಿ ಏರುತ್ತಿತ್ತು. "ಗಿಡ ಬದುಕಿದೆಯಲ್ಲ, ಮಣ್ಣು ತಗೊಂಡು ಏನು ಮಾಡ್ತೀರಿ?"

ಅವರು ನೆಲದ ಮೇಲೆ ಸರಿಯಾಗಿ ಕೂತರು.

"ಗಿಡ ಯಾರೋ ಸಾಹೇಬ್ರು ಕೊಟ್ಟಿದ್ದು. ಮಣ್ಣು ನಮ್ಮನೆಯವರು ಮಾಡಿದ್ದು. ಕಾರ್ಖಾನೆ ಹಿಂದಿನ ದಿಬ್ಬದಿಂದ ಕಿಟ್ಟ ಆರಿಸ್ಕೊಂಡು ಬರೋರು. ಮೂರು ನೀರಲ್ಲಿ ತೊಳೆದು, ಒಂದು ಬೇಸಿಗೆ ಪೂರ್ತಿ ತಗಡಿನ ಮೇಲೆ ಒಣಗಿಸೋರು. ಇಟ್ಟಿಗೆನ ಸುತ್ತಿಗೇಲಿ ಕುಟ್ಟೋರು, ಕಡಲೆಬೇಳೆಗಿಂತ ದೊಡ್ಡದು ಇರಬಾರದು, ರವೆಗಿಂತ ಸಣ್ಣದು ಇರಬಾರದು. ಭಾನುವಾರ ಬೆಳಿಗ್ಗೆ ಕ್ವಾರ್ಟರ್ಸ್ ಮೆಟ್ಟಿಲ ಮೇಲೆ ಕೂತು ಜರಡಿ ಹಿಡಿಯೋರು. ನಾನು ಒಳಗೆ ದೋಸೆ ಹಾಕ್ತಾ ಆ ಸದ್ದು ಕೇಳ್ತಿದ್ದೆ. ಬಟ್ಟೆ ಎಲ್ಲಾ ಮಗಳು ಅನಾಥಾಶ್ರಮಕ್ಕೆ ಕೊಟ್ಟಳು, ಒಳ್ಳೇದೇ ಆಯ್ತು. ಆದ್ರೆ ಅವರ ಕೈಯಲ್ಲಿ ಆದದ್ದು ಅಂತ ಇನ್ನೇನಿಲ್ಲ ನನ್ನ ಹತ್ರ. ಇದೊಂದು ಕುಂಡ ಮಣ್ಣಿತ್ತು."

ಕಿಟ್ಟ ಎಂದರೆ ಕಬ್ಬಿಣ ಕರಗಿಸಿದಾಗ ಮೇಲೆ ತೇಲುವ ಕಸ, ಆರಿದರೆ ಕಪ್ಪು ಕಲ್ಲಾಗುತ್ತದೆ. ಆ ಕಪ್ಪು ಚೂರುಗಳನ್ನು ನಾನು ನೋಡಿದ್ದೆ. ಎಲ್ಲವೂ ಒಂದೇ ಗಾತ್ರ ಇದ್ದದ್ದನ್ನೂ ಗಮನಿಸಿದ್ದೆ. ಕೈ ಬಲ್ಲವರು ಮಾಡಿದ ಮಿಶ್ರಣ ಎಂದು ಮೆಚ್ಚಿಕೊಂಡೇ ಸುರಿದಿದ್ದೆ.

ಇನ್ನೊಂದು ಕುಂಡದ ಹಳೆಯ ಮಣ್ಣು ತಂದು ಇದೇ ಎಂದು ಕೊಟ್ಟುಬಿಡಬಹುದಿತ್ತು. ಅಂಥ ಆಲೋಚನೆ ಬಂದದ್ದು ನಿಜ. ಆದರೆ ಅವರು ಬೆರಳಿಟ್ಟ ಕೂಡಲೇ ಗುರುತು ಹಿಡಿದುಬಿಡುತ್ತಿದ್ದರು.

"ಹಿತ್ತಲಿಗೆ ಬನ್ನಿ," ಎಂದೆ.

ನುಗ್ಗೆ ಮರದ ಬುಡದಲ್ಲಿ ನೆಲ ಒಣಗಿ ಬಿರುಸಾಗಿತ್ತು. ಮೇಲೆ ಎಲೆ, ಹೂವು, ನಾನೇ ಸುರಿದ ಇನ್ನೂ ಹತ್ತು ಕುಂಡಗಳ ಕಸ. ಕೆರೆದು, ಬಾಂಡಲಿಗೆ ತುಂಬಿ, ಜರಡಿ ಹಿಡಿದೆ. ನುಣ್ಣನೆಯದು ಕೆಳಗೆ ಬಿತ್ತು. ಮೇಲೆ ಉಳಿದದ್ದನ್ನು ಗೋಣಿಚೀಲದ ಮೇಲೆ ಹರವಿದೆ. ಬಂಗಾರಮ್ಮ ಅಕ್ಕಿ ಆರಿಸುವ ಹಾಗೆ ಆರಿಸತೊಡಗಿದರು. ನಾನು ಕಪ್ಪಗಿರುವುದನ್ನೆಲ್ಲ ಅವರ ಕಡೆ ತಳ್ಳುತ್ತಿದ್ದೆ. ಅವರು ಹತ್ತರಲ್ಲಿ ಏಳನ್ನು, "ಇದಲ್ಲ," ಎಂದು ಆಚೆ ಹಾಕುತ್ತಿದ್ದರು.

ಮಧ್ಯಾಹ್ನದ ಬಿಸಿಲು ನೆತ್ತಿಗೆ ಬಂತು. ಮೂರು ಗಂಟೆಯ ಕೆಲಸಕ್ಕೆ ಅವರ ಮುಂದೆ ಒಂದು ಹಿಡಿಯಷ್ಟು ಕಿಟ್ಟ ಮತ್ತು ಇಟ್ಟಿಗೆ ಚೂರು ಸೇರಿತ್ತು.

"ಇದನ್ನ ಕುದಿಸಿ ಒಣಗಿಸಿ ಗಿಡದ ಸುತ್ತ ಮೇಲೆ ಹಾಕಿಕೊಡ್ತೀನಿ, ಏನೂ ಆಗಲ್ಲ," ಎಂದೆ.

"ಬೇಡ. ಗಿಡಕ್ಕೆ ನಿನ್ನ ಮಣ್ಣೇ ಇರ್ಲಿ, ಚೆನ್ನಾಗಿದೆ. ಇದು ನನಗೆ." ಸೆರಗಿನಲ್ಲಿ ಸುರಿದುಕೊಂಡು ಗಂಟು ಹಾಕಿದರು. ಗಂಟನ್ನು ಒಮ್ಮೆ ಅಲ್ಲಾಡಿಸಿ ಕಿವಿಗೆ ಹಿಡಿದರು. ಅವರು ಗಂಡನಿಗಾಗಿ ಅತ್ತದ್ದನ್ನು ನಾನು ಕಂಡದ್ದು ಆಗಲೇ.

ನನಗೆ ಕ್ಷಮಿಸಿ ಎನ್ನಲು ಬರುವುದಿಲ್ಲ. ಅದರ ಬದಲು ಬಾಯಿಂದ ಬೇರೆಯೇ ಏನೋ ಬಂತು. ಆರು ವರ್ಷದ ಹಿಂದೆ ಅಮ್ಮ ತೀರಿಕೊಂಡಾಗ, ವೈಕುಂಠ ಸಮಾರಾಧನೆಯ ಮಾರನೆಯ ದಿನವೇ ಮನೆ ಚೊಕ್ಕ ಮಾಡಿದವಳು ನಾನು. ಅಟ್ಟದ ಮೇಲೆ ಅವಳು ಹಾಕಿದ ಕೊನೆಯ ಮಿಡಿ ಉಪ್ಪಿನಕಾಯಿಯ ಭರಣಿ ಇತ್ತು. ಮುಚ್ಚಳ ತೆಗೆದರೆ ಬೂಷ್ಟು. ಸೀದಾ ಕಸದ ಗಾಡಿಗೆ ಸುರಿದು ಭರಣಿ ತೊಳೆದಿಟ್ಟೆ. ಇದನ್ನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ, ಹೇಳುವಂಥದ್ದು ಎಂದೂ ಅನ್ನಿಸಿರಲಿಲ್ಲ.

ಬಂಗಾರಮ್ಮ ಕಣ್ಣೊರೆಸಿಕೊಂಡು, "ಎಷ್ಟು ಮಿಡಿ ಇದ್ವು ಅದರಲ್ಲಿ?" ಎಂದು ಕೇಳಿದರು.

"ಹನ್ನೊಂದು," ಎಂದೆ. "ಬೂಷ್ಟು ಬಂದಿದ್ದು ಮೇಲಿನ ಎರಡಕ್ಕೆ ಮಾತ್ರ."

ಹೇಳಿದ ಮೇಲೆ ಅಮ್ಮ ನನಗೆ ಎಷ್ಟು ಬೇಕೆನಿಸಿದಳೆಂದರೆ, ಗೋಣಿಚೀಲದ ಮೇಲೆ ಉಳಿದ ಚೂರುಗಳನ್ನು ಮತ್ತೆ ಮೊದಲಿಂದ ಆರಿಸತೊಡಗಿದೆ.