ಮೂರು ರಾತ್ರಿಯ ಗಾಜು

ಮತ್ತೆ ಲಾರಿ, ಕೋಟೆಯ ಕಡೆಯಿಂದಲೇ, ಮಿಲಿಟರಿಯವರದೇ ಇರಬೇಕು, ಇಲ್ಲದಿದ್ದರೆ ಗೋಡೆಯ ಮಾಡದಲ್ಲಿಟ್ಟ ತಂಬಿಗೆ ಹೀಗೆ ಗಣಗಣ ಎನ್ನುವುದಿಲ್ಲ — ನಿಂತಿತೋ, ಹೋಯಿತೋ, ಇಂದೂಬಾಯಿ ತೊಗರಿಬೇಳೆ ಆರಿಸುವ ಕೈ ತಡೆದು ಕಿವಿಗೊಟ್ಟಳು, ಹೋಯಿತು, ಈ ಸಲ ಹೋಯಿತು, ನಾಳೆ ಇದೇ ಓಣಿಯಲ್ಲಿ ನಿಂತರೆ? ನಿಜಾಮನ ರಾಜ್ಯ ಮುಗಿದು ತಿಂಗಳಾಯಿತು, ಮನೆಮನೆ ಹೊಕ್ಕು ಬಚ್ಚಿಟ್ಟ ಬಂದೂಕು ಹುಡುಕುತ್ತಾರೆ, ಸಿಕ್ಕರೆ ಯಜಮಾನನನ್ನೇ ಜೀಪಿಗೆ ಹತ್ತಿಸಿಕೊಂಡು ಹೋಗುತ್ತಾರೆ, ಮತ್ತೆ ನಮ್ಮ ಜೋಳದ ಚೀಲದ ಹಿಂದೆ ಆ ಪೆಟ್ಟಿಗೆ ಕೂತಿದೆ. ಮೊನ್ನೆ ಹಿತ್ತಿಲ ಬಾಗಿಲಿಗೆ ತಂದಿದ್ದ ಅಲ್ಲಾವುದ್ದೀನ್, ಚಷ್ಮಾ ಅಂಗಡಿಯವ, ತನ್ನ ಗಂಡ ರಾಯರ ಜೀವದ ಗೆಳೆಯ, ಗಲಭೆಯಲ್ಲಿ ಅಂಗಡಿ ಸುಟ್ಟ ಮೇಲೆ ಮುಖ ಬಾಡಿ ಅರ್ಧವಾಗಿತ್ತು, ಅತ್ತಿಗೆಗೆ ಅನ್ನುವಂತೆ ಅಂದಿದ್ದ, ವೈನೀ, ಇದೊಂದು ಇಟ್ಗೋರಿ, ಟೇಶನ್ನಿನಾಗ ನನ್ನ ಗಂಟು ಬಿಚ್ಚಿ ನೋಡ್ತಾರ, ಬೇಸ್ತವಾರ ರಾಯರು ಬರ್ತಾರಲ್ಲ, ಅವರ ಕೈಲೆ ಹೈದರಾಬಾದಿಗೆ ಒಯ್ಸತೀನಿ, ತೆರೀಬ್ಯಾಡ್ರಿ ಮಾತ್ರ, ಬೆಳಕ ಬಿದ್ರ ಖರಾಬ ಆಗ್ತದ. ಒಳಗಿರುವುದು ಫೋಟೋದ ಗಾಜಂತೆ, ತೊಳೆಯುವ ಔಷಧ ಅಂಗಡಿಯೊಂದಿಗೇ ಸುಟ್ಟಿತಂತೆ, ಹೈದರಾಬಾದಿನಲ್ಲಿ ಚುಕ್ಕೆ ನೋಡುವ ವೇಧಶಾಲೆಯ ಸಾಹೇಬರೇ ಗಾಜು ತೊಳೆದು ನೋಡುತ್ತಾರಂತೆ, ಚಿತ್ರ ಮೂಡಿದರೆ ಅಲ್ಲೇ ನೌಕರಿಯಂತೆ, ಹೆಂಡತಿ ಮುನೀರಾಳನ್ನು ಕರೆದುಕೊಂಡು ಈ ಊರನ್ನೇ ಬಿಡುತ್ತಾನಂತೆ — ಎಷ್ಟೊಂದು ಅಂತೆ! ತೆರೆದರೆ ಕೆಡುತ್ತದೆ, ಬಚ್ಚಿಡುವವನು ಇನ್ನೇನು ಹೇಳಿಯಾನು?

ಪಕ್ಕದ ಮನೆಯ ಜಾನಕೀಬಾಯಿ ಬೆಳಿಗ್ಗೆ ಗೋಡೆಯ ಮೇಲಿಂದ ಇಣುಕಿ, ಇಂದೂಬಾಯಿ, ಅಂವಾ ಏನೋ ಕೊಟ್ಟ ಹೋಗ್ಯಾನಂತಲ್ರೀ, ಜ್ವಾಕಿರೀ, ಅಂದಿದ್ದಳು — ಅವಳಿಗೆ ಹೇಗೆ ಗೊತ್ತು, ಹೇಳಿದವರು ಯಾರು, ಇನ್ನೆಷ್ಟು ಮಂದಿಗೆ ಗೊತ್ತು? ಇವರಾದರೂ ಏನು ಕಡಿಮೆ, ಸಾಲಿ ಮಾಸ್ತರರು, ಗಣಿತ ಕಲಿಸುವುದು ಬಿಟ್ಟು ಕಮಲಾಪುರದ ಮಾವನವರ ಹಿತ್ತಿಲಲ್ಲಿ, ಕೆಂಬಾಳೆ ಗಿಡಗಳ ನಡುವೆ, ಆಳುದ್ದದ ದುರ್ಬೀನು ನಿಲ್ಲಿಸಿ ಅಮಾವಾಸ್ಯೆಯ ಎಡಬಲದ ಮೂರು ರಾತ್ರಿ ಒಂದೇ ಗಾಜಿಗೆ ಒಂದೇ ಚುಕ್ಕೆಯ ಬೆಳಕು ಉಣಿಸಿದರಂತೆ, ಮಂದಿ ಜೀವ ಕೈಯಲ್ಲಿ ಹಿಡಿದು ಕೂತ ದಿನಗಳಲ್ಲಿ! ಅದು ಚಿಕ್ಕಿ ಅಲ್ಲ ಇಂದೂ, ಅಂದಿದ್ದರು, ಚಿಕ್ಕಿಗಳ ಊರು, ಅಲ್ಲಿಂದ ಹೊಂಟ ಬೆಳಕು ಇಲ್ಲಿಗೆ ಮುಟ್ಟೂದ್ರಾಗ ಲಕ್ಷಗಟ್ಲೆ ವರ್ಷ ಆಗ್ತಾವ, ಭೂಮಿ ತಿರಗಿಧಂಗ ನಾನು ತಿರುಪು ತಿರಗಸತಾ ಕೂಡಬೇಕು, ಅಲ್ಲಾವುದ್ದೀನ ಗಡಿಯಾರ ನೋಡಿ ಎಣಸತಾನ — ಹೌದು, ಕೊರಳು ಕಟ್ಟಿಗೆಯಾಗಿತ್ತು, ಬಿಸಿ ಎಣ್ಣೆ ತಿಕ್ಕಿದವಳು ಇವಳೇ, ಕೊರಳ ನೋವು ಖರೆ, ಉಳಿದದ್ದು? ಈಗಲೂ ಕಮಲಾಪುರದಲ್ಲೇ ಇದ್ದಾರೆ, ಬರುವುದು ನಾಳೆ, ಅಷ್ಟರಲ್ಲಿ ಲಾರಿ ಬಂದರೆ ಜವಾಬು ಕೊಡುವವಳು ತಾನೇ ತಾನೆ, ಪೆಟ್ಟಿಗೆ ಎಳೆದಳು, ಅಲ್ಲಾಡಿಸಿದಳು, ಒಳಗೆ ಕಟಕ್ ಎಂದಿತು, ಪಿಸ್ತೂಲೇ, ವಿಠ್ಠಲಾ, ಪಿಸ್ತೂಲೇ! ಪೆಟ್ಟಿಗೆಗೆ ಅಲ್ಲಾವುದ್ದೀನ್ ಮುನೀರಾಳ ಕರಿ ಬುರ್ಖಾದ ತುಂಡು ಸುತ್ತಿ ಹೊಲಿದಿದ್ದ, ಅದರ ಮೇಲೆ ಅರಗು, ಈಳಿಗೆಯಿಂದ ಪರಪರ ಕೊಯ್ದು ಮುಚ್ಚಳ ತೆಗೆದಳು.

ಪಿಸ್ತೂಲಿಲ್ಲ. ತಲೆಮರೆಸಿಕೊಂಡವರ ಹೆಸರುಗಳ ಪಟ್ಟಿಯೂ ಇಲ್ಲ, ಕೆನೆ ಹಚ್ಚಿದಂಥ ಒಂದು ಗಾಜು, ಅಂಗೈಯಷ್ಟು, ಚುಕ್ಕೆಯಿಲ್ಲ, ಗೆರೆಯಿಲ್ಲ, ಬರೀ ಬಿಳಿ, ಇದಕ್ಕೇ ಮೂರು ರಾತ್ರಿಯೇ, ಇದಕ್ಕೇ ಅರಗೇ, ಸುಳ್ಳ ನನ್ನ ಮಗ! ಏನೂ ಇಲ್ಲದ್ದನ್ನು ಯಾರಾದರೂ ಹೊಲಿದಿಡುತ್ತಾರೆಯೇ — ತಡಿ, ತನ್ನ ತಮ್ಮ ಬಂಡು, ನಿಜಾಮನ ವಿರುದ್ಧದ ಚಳವಳಿಯಲ್ಲಿದ್ದಾಗ, ನಿಂಬೆರಸದಲ್ಲಿ ಬರೆದ ಚೀಟಿ ತರುತ್ತಿದ್ದನಲ್ಲ, ಖಾಲಿ ಹಾಳೆ, ದೀಪಕ್ಕೆ ಕಾಸಿದರೆ ಅಕ್ಷರ ಏಳುತ್ತಿದ್ದವು, ಅಕ್ಕಾ, ಓದಿ ಸುಟ್ಟಬಿಡು ಅನ್ನುತ್ತಿದ್ದ, ಇದೂ ಅದೇ, ಅದಕ್ಕೇ ಬೆಳಕು ಬೇಡ ಅಂದನೇನೋ! ಗಾಜು ಹಿಡಿದು ಹಿತ್ತಿಲಿಗೆ ಓಡಿದಳು, ಹನ್ನೆರಡರ ಬಿಸಿಲು, ನಾಲ್ಕು ಬೆರಳು ಮುಂದೆ, ಹೆಬ್ಬೆರಳು ಹಿಂದೆ, ಸೂರ್ಯನಿಗೆ ಒಡ್ಡಿ ಕಣ್ಣು ಕಿರಿದು ಮಾಡಿ ನಿಂತಳು, ಏಳಲಿ, ಅಕ್ಷರ ಏಳಲಿ, ಎದ್ದಿತು, ಬಣ್ಣ ಎದ್ದಿತು, ಸಿಕ್ಕಬಿದ್ದಿ ಅಲ್ಲಾವುದ್ದೀನಾ, ಮೊದಲು ತುದಿಗೆ, ಆಮೇಲೆ ನಡುವೆ, ಬದನೆಕಾಯಿಯ ಬಣ್ಣ, ಹರಡಿತು, ಎಲ್ಲ ಕಡೆ ಒಂದೇ ಸಮ ಹರಡಿತು, ಅಕ್ಷರವಿಲ್ಲ, ಯಾಕಿಲ್ಲ, ಬೆರಳ ಕೆಳಗಿರಬೇಕು, ಬೆರಳೆತ್ತಿದಳು — ಬೆರಳಿದ್ದಲ್ಲಿ ಮಾತ್ರ ಬಿಳಿ. ನಾಲ್ಕು ಬಿಳಿ ಬೆರಳು. ಬಿಸಿಲು ತಾಗಿದ್ದೆಲ್ಲ ಕಪ್ಪು, ತಾಗದ್ದು ಬಿಳಿ, ಬೆಳಕ ಬಿದ್ರ ಖರಾಬ ಆಗ್ತದ ವೈನೀ, ಖರೇನೇ ಹೇಳಿದ್ದ, ಪ್ರತಿಯೊಂದು ಮಾತೂ ಖರೆ, ಮೂರು ರಾತ್ರಿ, ಇವರ ಕೊರಳು, ಆ ನೌಕರಿ, ತಾನು ಹಾಳುಮಾಡಿದೆ, ತಾನೇ, ಗಾಜಿಗೆ ಸೆರಗು ಮುಚ್ಚಿದಳು, ಈಗ ಮುಚ್ಚಿ ಏನಾಗಬೇಕು, ಹಿತ್ತಿಲ ಬಾಗಿಲ ಚಿಲಕ ಸಣ್ಣಗೆ ಬಡಿಯಿತು, ವೈನೀ, ನಾನ್ರೀ, ಒಂದಿನ ಮದ್ಲೇ ಬಂದೀನಿ, ಮುನೀರಾನೂ ಬಂದಾಳ, ಟಿಕೀಟು ತಗಸೇನ್ರೀ, ಸೆರಗು ಸರಿಸಿದಳು, ಬೆರಳಿಟ್ಟಳು, ಸರಿಯಾಗಿ ಕೂತವು, ವೈನೀ, ಅದೀರೇನ್ರೀ, ಎತ್ತಿದಳು, ನಾಲ್ಕು ಬಿಳಿ ಬೆರಳು, ಮತ್ತೆ ಇಟ್ಟಳು, ಎತ್ತಿದಳು, ನಾಲ್ಕು ಬಿಳಿ ಬೆರಳು, ತನ್ನವೇ.